‘ಅನುವಾದವೆಂದು ಅನಿಸುವುದೇ ಇಲ್ಲ’



ಈ ಸಲ ಶಾಲೆಯ ನೆನಪುಗಳನ್ನು ಬದಿಗಿರಿಸಿ ಒಂದು ಜಗಳಕ್ಕೆ ಕುಳಿತಿದ್ದೇನೆ. ಜಗಳ ಮೊದಲು ನನ್ನೊಡನೆಯೇ. ಆಮೇಲೆ ಅನುವಾದಿತ ಪುಸ್ತಕಗಳಿಗೆ ವಿಮರ್ಶೆ ಬರೆಯುವವರೊಡನೆ. ಕೊನೆಗೆ, ನಮ್ಮ ಭಾಗದ ಒಂದು ಸಾಹಿತ್ಯ ಸಮಾರಂಭದಲ್ಲಿ ಮೈಕು ಹಿಡಿದು ‘ಸಮುದ್ರವನ್ನೇ ಕಾಣದ ಯಲಬುರ್ಗಾದ ಮಕ್ಕಳಿಗೆ ಕ್ಯೂಬಾದ ಮೀನುಗಾರ ಯಾಕೆ ಬೇಕು?’ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದ ಮಹನೀಯರೊಡನೆ. ಅಂದು ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಎದ್ದು ನಿಂತು ಉತ್ತರ ಕೊಡಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಮ್ಮ ಬಾಯಿ ಮುಚ್ಚಿಸಿದವನ ಬಾಯಿ ಅಂದು ಮುಚ್ಚಿಹೋಗಿದ್ದಕ್ಕೆ ಒಂದು ಕಾರಣವಿತ್ತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮಲ್ಲಿ ಅನುವಾದಿತ ಕೃತಿಯ ವಿಮರ್ಶೆ ಹೇಗಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ಮೊದಲು ಮೂಲ ಲೇಖಕನ ದೇಶ, ಹುಟ್ಟಿದ ವರ್ಷ, ಪಡೆದ ಪ್ರಶಸ್ತಿ. ನಂತರ ನಾಲ್ಕು ಪ್ಯಾರಾ ಕಥಾಸಾರ. ಅದರಲ್ಲಿ ಅರ್ಧ ಬೆನ್ನುಡಿಯಿಂದ ಎತ್ತಿದ್ದು. ಕಟ್ಟಕಡೆಗೆ ಒಂದು ಸಾಲು: ‘ಅನುವಾದ ಸರಳವಾಗಿದೆ, ಸುಂದರವಾಗಿದೆ, ಅನುವಾದವೆಂದು ಅನಿಸುವುದೇ ಇಲ್ಲ, ಮುಖಪುಟ ಆಕರ್ಷಕವಾಗಿದೆ.’ ಈ ಸಾಲನ್ನು ಬರೆಯಲು ಮೂಲವನ್ನು ತೆರೆದು ನೋಡುವ ಅಗತ್ಯವಿಲ್ಲ. ಕೆಲವೊಮ್ಮೆ ಅನುವಾದವನ್ನೂ ತೆರೆಯುವ ಅಗತ್ಯವಿಲ್ಲ.

ನಿವೃತ್ತನಾದ ಮೇಲೆ ಒಂದು ಸ್ಮರಣ ಸಂಚಿಕೆಗೆ ನಾನೂ ಇಂಥದೊಂದು ವಿಮರ್ಶೆ ಬರೆದೆ. ಪುಸ್ತಕ, ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಾದಂಬರಿಯ ಒಂದು ಕನ್ನಡ ರೂಪ. ಯಾರ ಅನುವಾದವೆಂದು ಹೇಳುವುದಿಲ್ಲ. ನನ್ನ ತಪ್ಪನ್ನು ಹೇಳುವಾಗ ಮತ್ತೊಬ್ಬರ ಹೆಸರು ಬೇಕಿಲ್ಲ. ನನ್ನ ವಿಮರ್ಶೆಯ ಕೊನೆಯ ಸಾಲು ಯಾವುದಿತ್ತೆಂದು ನೀವೇ ಊಹಿಸಬಲ್ಲಿರಿ.

ಸಂಚಿಕೆ ಹೊರಬಂದ ಹದಿನೈದು ದಿನಕ್ಕೆ ಒಬ್ಬ ಹಳೆಯ ವಿದ್ಯಾರ್ಥಿ ಫೋನು ಮಾಡಿದ. ಹೆಸರು ಬೇಡ, ಇದನ್ನು ಓದಿದರೆ ಅವನಿಗೇ ತಿಳಿಯುತ್ತದೆ. ಅವನ ತಂದೆ ನಮ್ಮ ತಾಲೂಕಿನ ಎಷ್ಟೋ ಜನರಂತೆ, ಮಳೆ ಕೈಕೊಟ್ಟ ವರ್ಷ ಗುಳೆ ಹೋಗಿ ಮಲ್ಪೆ ಬಂದರಿನಲ್ಲಿ ಮೀನು ಹೊರುವ ಕೆಲಸಕ್ಕೆ ಸೇರಿ, ಆಮೇಲೆ ದೋಣಿಯನ್ನೂ ಹತ್ತಿದವರು. ಬೇಸಿಗೆ ರಜೆಯಲ್ಲಿ ಹುಡುಗನೂ ಅಲ್ಲಿಗೇ ಹೋಗುತ್ತಿದ್ದ. ‘ಸರ, ತಪ್ಪು ತಿಳಕೊಬ್ಯಾಡ್ರಿ,’ ಎಂದ. ‘ಆ ಪುಸ್ತಕದಾಗ ಮುದುಕ ಬಲಿ ಬೀಸ್ತಾನ ಅಂತ ಎರಡು ಕಡೆ ಐತ್ರಿ. ಅಂವ ಬಲಿ ಹಾಕಾಂವ ಅಲ್ರಿ, ಗಾಳದ ಹಗ್ಗ ಹಾಕಾಂವ. ಬಲಿಯಾಗ ಮೀನ ಬಿದ್ರ ಅಂವ ಮೂರು ದಿನ ಯಾಕ ಒದ್ದಾಡಬೇಕು? ಇಡೀ ಕತೀನ ಇಲ್ಲಲ್ರಿ!’ ಸ್ವಲ್ಪ ತಡೆದು ಮತ್ತೊಂದು ಮಾತು ಕೇಳಿದ: ‘ನೀವು ಇಂಗ್ಲಿಷಿನ್ಯಾಗ ಓದೀರೇನ್ರಿ?’

ಓದಿದ್ದೆ, ಕಾಲೇಜಿನಲ್ಲಿ, ಅದೂ ಗೈಡಿನ ಸಹಾಯದಿಂದ. ವಿಮರ್ಶೆ ಬರೆಯುವಾಗ ತೆರೆದಿರಲಿಲ್ಲ. ‘ನೋಟ್ಸು ನೋಡಿ ಉತ್ತರ ಬರೀಬ್ಯಾಡ್ರೋ, ಪಾಠ ಓದ್ರೋ’ ಎಂದು ನಿಮಗೆ ಬೈದ ಬಾಯಿ ಇದೇ.

ಮರುದಿನ ಮೂಲವನ್ನು ತರಿಸಿ, ಎರಡನ್ನೂ ಮೇಜಿನ ಮೇಲಿಟ್ಟು, ಬದಿಬದಿಯಾಗಿ ಓದತೊಡಗಿದೆ. ಸಣ್ಣ ಪುಸ್ತಕ, ಮುಗಿಸಲು ಹನ್ನೆರಡು ದಿನ ಬೇಕಾಯಿತು. ಆ ಹನ್ನೆರಡು ದಿನ ನನಗೆ ನಾಚಿಕೆಯನ್ನೂ ಸಂತೋಷವನ್ನೂ ಸಮಸಮವಾಗಿ ಕೊಟ್ಟವು.

1952ರಲ್ಲಿ ಪ್ರಕಟವಾದ ಈ ಕೃತಿ ಇಂಗ್ಲಿಷಿನದು, ಬರೆದವನು ಅಮೆರಿಕದವನು. ಆದರೆ ಹವಾನಾದ ಹತ್ತಿರದ ಬೆಸ್ತರ ಹಳ್ಳಿಯ ಮುದುಕ ಸಾಂತಿಯಾಗೋ ಇಂಗ್ಲಿಷ್ ಮಾತಾಡುವುದಿಲ್ಲ. ಅವನ ಮನಸ್ಸು ನಡೆಯುವುದು ಕ್ಯೂಬಾದ ಸ್ಪ್ಯಾನಿಷ್‌ನಲ್ಲಿ. ಹೆಮಿಂಗ್ವೆ ಆ ಸ್ಪ್ಯಾನಿಷ್ ಒಳಗಿನಿಂದ ಕೇಳಿಸುವಂತಹ ಇಂಗ್ಲಿಷನ್ನು ಕಟ್ಟಿದ್ದಾನೆ. ಅಂದರೆ ಮೂಲವೇ ಒಂದು ಬಗೆಯ ಅನುವಾದ. ಕನ್ನಡ ಅನುವಾದಕನು ಇಂಗ್ಲಿಷ್ ನಿಘಂಟೊಂದನ್ನೇ ನಂಬಿ ಹೊರಟರೆ ಎಲ್ಲಿ ಎಡವುತ್ತಾನೆಂಬುದಕ್ಕೆ ನನ್ನ ಬಳಿ ಈಗ ಒಂದು ಪಟ್ಟಿಯೇ ಇದೆ. ಎಲ್ಲವನ್ನೂ ಕೊಡುವುದಿಲ್ಲ, ಹೆದರಬೇಡಿ.

ಮುದುಕನ ಗುಡಿಸಲನ್ನು ಗ್ವಾನೋದಿಂದ ಕಟ್ಟಲಾಗಿದೆ. ಇಂಗ್ಲಿಷ್ ನಿಘಂಟಿನಲ್ಲಿ ಈ ಶಬ್ದಕ್ಕೆ ಹಕ್ಕಿಹಿಕ್ಕೆ ಎಂದು ಅರ್ಥ. ನಾನು ಹೊಗಳಿದ ಅನುವಾದದಲ್ಲಿ ಬಡ ಬೆಸ್ತನು ಹಕ್ಕಿಹಿಕ್ಕೆಯ ಗೋಡೆಗಳ ನಡುವೆ ಮಲಗಿದ್ದಾನೆ! ಕ್ಯೂಬಾದಲ್ಲಿ ಆ ಶಬ್ದಕ್ಕೆ ತಾಳೆಜಾತಿಯ ಮರದ ಸೋಗೆ ಎಂದು ಅರ್ಥ. ಹೆಮಿಂಗ್ವೆ ಅದೇ ವಾಕ್ಯದಲ್ಲಿ ಇದು ತಾಳೆಯ ಹಾಳೆಯೆಂದು ಬಿಡಿಸಿಯೂ ಹೇಳಿದ್ದಾನೆ. ನಮ್ಮಲ್ಲಿ ಅಡಿಕೆಯ ಹಾಳೆಯಿದೆ, ತೆಂಗಿನ ಸೋಗೆಯಿದೆ. ಕನ್ನಡದ ಕೈಯಲ್ಲೇ ಶಬ್ದವಿತ್ತು. ಹಾಗೆಯೇ ಮುದುಕ ಹಸಿಯಾಗಿ ತಿನ್ನುವ ‘ಡಾಲ್ಫಿನ್’. ಅದು ನಾವು ದೂರದರ್ಶನದಲ್ಲಿ ಕಾಣುವ, ಚೆಂಡಾಡುವ ಪ್ರಾಣಿಯಲ್ಲ. ಸ್ಪ್ಯಾನಿಷ್‌ನಲ್ಲಿ ದೊರಾದೋ ಎಂದೂ ಈಗ ಹೋಟೆಲುಗಳಲ್ಲಿ ಮಹಿಮಹಿ ಎಂದೂ ಕರೆಯುವ ಹೊಂಬಣ್ಣದ ಮೀನು. ಇದು ತಿಳಿಯದಿದ್ದರೆ ಮುದುಕನೇ ಕ್ರೂರಿಯಾಗುತ್ತಾನೆ. ಏಕೆಂದರೆ ಅದೇ ಕಥೆಯಲ್ಲಿ ರಾತ್ರಿ ದೋಣಿಯ ಹತ್ತಿರ ಬಂದು ಉಸಿರುಬಿಡುವ ಕಡಲಪ್ರಾಣಿಗಳನ್ನು ಅವನು ಒಡಹುಟ್ಟಿದವರೆಂದು ಭಾವಿಸುತ್ತಾನೆ. ಅಣ್ಣತಮ್ಮ ಎಂದವನು ಅವರನ್ನೇ ಕೊಯ್ದು ತಿನ್ನುತ್ತಾನೆಯೇ?

ಇವು ನಿಘಂಟಿನ ತಪ್ಪುಗಳು, ತಿದ್ದಬಹುದು. ತಿದ್ದಲಾಗದ, ಯೋಚಿಸಲೇಬೇಕಾದ ಒಂದು ಜಾಗವಿದೆ. ವಿಮರ್ಶಕನ ನಿಜವಾದ ಕೆಲಸವಿರುವುದು ಅಲ್ಲಿ. ಸ್ಪ್ಯಾನಿಷ್‌ನಲ್ಲಿ ಕಡಲಿಗೆ ಎರಡು ಲಿಂಗ: ಎಲ್ ಮಾರ್ ಎಂದರೆ ಗಂಡು, ಲಾ ಮಾರ್ ಎಂದರೆ ಹೆಣ್ಣು. ಯಂತ್ರದ ದೋಣಿ ಕೊಂಡ ಹೊಸ ಹುಡುಗರು ಕಡಲನ್ನು ಗಂಡೆಂದು, ಎದುರಾಳಿಯೆಂದು ಕರೆಯುತ್ತಾರೆ. ಮುದುಕ ಮಾತ್ರ ಅದನ್ನು ಪ್ರೀತಿಸುವವರ ಮಾತಿನಲ್ಲಿ, ಹೆಣ್ಣೆಂದು ಕರೆಯುತ್ತಾನೆ. ಕನ್ನಡದಲ್ಲಿ ಏನು ಮಾಡಬೇಕು? ನಮ್ಮ ವ್ಯಾಕರಣದಲ್ಲಿ ಕಡಲು ನಪುಂಸಕ; ಪುರಾಣದಲ್ಲಿ ಸಮುದ್ರರಾಜ, ಗಂಡಸು. ‘ಕಡಲವ್ವ’ ಎನ್ನೋಣವೆಂದರೆ ಅವಳು ತಾಯಿಯಾಗಿಬಿಡುತ್ತಾಳೆ; ಮುದುಕನ ಕಡಲು ತಾಯಿಯಲ್ಲ. ಮನಸ್ಸು ಬಂದರೆ ಕೊಡುವ, ಬಾರದಿದ್ದರೆ ಕೊಡದ, ಚಂದ್ರನಿಗೆ ಸೋತು ಹುಚ್ಚಾಗುವ ಹೆಣ್ಣು ಅವಳು. ‘ಅವಳು’ ಎಂಬ ಸರ್ವನಾಮವೊಂದನ್ನೇ ಹಿಡಿದು ಇಡೀ ಪುಸ್ತಕ ನಡೆಸಬಹುದೆ? ಮುದುಕನ ಬಾಯಲ್ಲಿ ‘ಅವಳು’, ಹುಡುಗರ ಬಾಯಲ್ಲಿ ‘ಅವನು’, ನಿರೂಪಣೆಯಲ್ಲಿ ‘ಅದು’ ಎಂದು ಮೂರು ದಾರಿ ಮಾಡಬಹುದೆ? ನನಗೆ ಮೂರನೆಯದು ಸರಿಯೆನಿಸುತ್ತದೆ. ನೀವು ಬೇರೆ ಹೇಳಬಹುದು. ನಾನು ಹೊಗಳಿದ ಅನುವಾದದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಆ ಭಾಗವನ್ನೇ ಅರ್ಧಕ್ಕೆ ಇಳಿಸಿ ಬಿಟ್ಟಿದ್ದಾರೆ. ಕನ್ನಡ ಓದುಗನಿಗೆ ಏನು ಕಳೆಯಿತೆಂದು ಹೇಳಬೇಕಾದವನು ನಾನು. ಮುಖಪುಟ ಚೆನ್ನಾಗಿದೆ ಎಂದು ಹೇಳಿ ಕೈತೊಳೆದುಕೊಂಡೆ.

ಮತ್ತೊಂದು: ಮುದುಕನ ಗುಡಿಸಲಿನ ಗೋಡೆಯ ಮೇಲೆ, ತೀರಿಹೋದ ಹೆಂಡತಿಯ ನೆನಪಾಗಿ, ಕೋಬ್ರೆಯ ಕನ್ಯೆಯ ಚಿತ್ರವಿದೆ. ಮೀನು ಸಿಕ್ಕರೆ ಅವಳ ಯಾತ್ರೆಗೆ ಬರುತ್ತೇನೆಂದು ಅವನು ಹರಕೆ ಹೊರುತ್ತಾನೆ. ಇವಳು ಸುಮ್ಮನೆ ‘ಮೇರಿಮಾತೆ’ ಅಲ್ಲ. ದೋಣಿಯಲ್ಲಿದ್ದ ಮೂವರಿಗೆ ಕಡಲ ಮೇಲೆ ತೇಲುತ್ತ ಸಿಕ್ಕಳೆಂದು ಐತಿಹ್ಯವಿರುವ, ಕ್ಯೂಬಾದ ಆಫ್ರಿಕಾ ಮೂಲದ ಜನ ತಮ್ಮ ಓಶುನ್ ದೇವತೆಯನ್ನು ಕಾಣುವ, ಆ ನಾಡಿನ ಪೋಷಕ ದೇವಿ. ಹೆಮಿಂಗ್ವೆ 1954ರ ತನ್ನ ನೊಬೆಲ್ ಪದಕವನ್ನು ಒಪ್ಪಿಸಿದ್ದು ಅವಳ ಗುಡಿಗೇ. ಕನ್ನಡದಲ್ಲಿ ಕೋಬ್ರೆ ಎಂಬ ಊರ ಹೆಸರು ಬಿದ್ದುಹೋಗಿ, ‘ದೇವಿಗೆ ಹರಕೆ ಹೊತ್ತ’ ಎಂದಷ್ಟೇ ಉಳಿದಿದೆ. ನಮ್ಮ ಹುಲಿಗಿಯ ಹುಲಿಗೆಮ್ಮನಿಗೆ ಹರಕೆ ಹೊತ್ತವಳ ಕಥೆಯನ್ನು ಯಾರಾದರೂ ‘ಅವಳು ಒಂದು ಸ್ಥಳೀಯ ದೇವತೆಯನ್ನು ಪ್ರಾರ್ಥಿಸಿದಳು’ ಎಂದು ಅನುವಾದಿಸಿದರೆ ನಮ್ಮ ಮನೆಯ ಹೆಣ್ಣುಮಕ್ಕಳು ಒಪ್ಪುತ್ತಾರೆಯೆ?

ಇಲ್ಲಿಯೇ ನನ್ನ ಮುಖ್ಯ ತಕರಾರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ನಾವೆಲ್ಲ ಸಂಭ್ರಮಪಟ್ಟೆವು. ಆ ಬಹುಮಾನದ 50,000 ಪೌಂಡು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ದೀಪಾ ಅವರು ಕನ್ನಡದ ಹಲವು ಶಬ್ದಗಳನ್ನು ಇಂಗ್ಲಿಷಿನಲ್ಲಿ ಹಾಗೆಯೇ ಉಳಿಸಿದರು, ಅವುಗಳನ್ನು ಓರೆಯಕ್ಷರದಲ್ಲಿ ಮುದ್ರಿಸಿ ಅನ್ಯವೆಂದು ತೋರಿಸಲೂ ಒಪ್ಪಲಿಲ್ಲ. ಇಂಗ್ಲಿಷ್ ಓದುಗನಿಗೆ ಕನ್ನಡದ ಸೊಲ್ಲು ಕೇಳಿಸಲಿ ಎಂಬುದು ಅವರ ನಿಲುವು. ಎಂಥ ಹೆಮ್ಮೆ ನಮಗೆ! ‘ಇಂಗ್ಲಿಷಿನವರು ನಮ್ಮ ಶಬ್ದವನ್ನು ಕಲಿಯಲಿ’ ಎಂದು ನಾನೂ ಎದೆ ತಟ್ಟಿಕೊಂಡೆ. ಇದೇ ನಾವು, ಕ್ಯೂಬಾದ ಪುಸ್ತಕವೊಂದು ಕನ್ನಡಕ್ಕೆ ಬಂದಾಗ, ಅಲ್ಲಿನ ಸೊಲ್ಲು ಎಳ್ಳಷ್ಟೂ ಕೇಳಿಸದಿದ್ದರೆ ‘ಅನುವಾದವೆಂದು ಅನಿಸುವುದೇ ಇಲ್ಲ’ ಎಂದು ಹೊಗಳುತ್ತೇವೆ. ನಮ್ಮ ಶಬ್ದ ಲಂಡನ್ನಿನಲ್ಲಿ ತಲೆಯೆತ್ತಿ ನಡೆಯಬೇಕು, ಅವರ ಶಬ್ದ ನಮ್ಮ ಊರೊಳಗೆ ಬರುವಾಗ ಅಗಸೆಯ ಹೊರಗೇ ಬಟ್ಟೆ ಬದಲಿಸಿಕೊಂಡು ಬರಬೇಕು. ಇದು ಯಾವ ನ್ಯಾಯ?

ಕನ್ನಡ ಸಹಜವಾಗಿರಬಾರದು ಎಂದು ನಾನು ಹೇಳುತ್ತಿಲ್ಲ. ತೊಡಕು ವಾಕ್ಯಗಳ, ಇಂಗ್ಲಿಷಿನ ಅಸ್ಥಿಪಂಜರಕ್ಕೆ ಕನ್ನಡದ ಚರ್ಮ ಹೊದಿಸಿದ ಅನುವಾದಗಳನ್ನು ನಾನೂ ಅರ್ಧಕ್ಕೇ ಮುಚ್ಚಿಟ್ಟಿದ್ದೇನೆ. ವಾಕ್ಯ ನಮ್ಮದಾಗಿರಲಿ, ಊರು ಅವರದಾಗಿರಲಿ. ಎಷ್ಟು ನಮ್ಮದು, ಎಷ್ಟು ಅವರದು ಎಂಬ ಲೆಕ್ಕವನ್ನು ಓದುಗನಿಗೆ ಒಪ್ಪಿಸುವುದೇ ವಿಮರ್ಶೆ.

ಈ ಲೆಕ್ಕ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಎಲ್ಲೆಯನ್ನು ಹೇಳುವಾಗ ಹೆಸರಿಸುವ ಊರುಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಆ ಗ್ರಂಥ ದಂಡಿಯ ‘ಕಾವ್ಯಾದರ್ಶ’ದಿಂದ ಧಾರಾಳವಾಗಿ ತೆಗೆದುಕೊಂಡಿದೆ, ಬದಲಿಸಿದೆ, ಬಿಟ್ಟಿದೆ. ವಿದ್ವಾಂಸರು ಯಾವ ಪದ್ಯ ದಂಡಿಯದು, ಎಲ್ಲಿ ಕನ್ನಡದ ಕವಿ ತನ್ನ ದಾರಿ ಹಿಡಿದ ಎಂದು ಸಾಲುಸಾಲು ತಾಳೆ ನೋಡಿದ್ದಾರೆ. ಸಂಸ್ಕೃತಕ್ಕೆ ಸಲ್ಲುವ ಈ ಗೌರವ ಸ್ಪ್ಯಾನಿಷ್‌ಗೆ ಯಾಕೆ ಸಲ್ಲಬಾರದು?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ತಂದೆಯವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಕಲಿತವರು. 1948ರ ನಂತರವೂ ಎಷ್ಟೋ ವರ್ಷ, ಹಳ್ಳಿಯವರು ಹೊಲದ ಹಳೆಯ ಉರ್ದು ಕಾಗದಗಳನ್ನು ಚೀಲದಲ್ಲಿ ಸುತ್ತಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ತಂದೆ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಪಟ್ಟೇದಾರ ಎಂದಿದೆಯೋ ಶಿಕ್ಮಿದಾರ ಎಂದಿದೆಯೋ? ಒಂದೇ ಶಬ್ದ, ಆದರೆ ಹೊಲದ ಒಡೆಯನೋ ಅವನ ಕೆಳಗೆ ಉಳುವವನೋ ಎಂಬುದು ಅದರಲ್ಲೇ ಇತ್ತು. ಕೇಳಿದವರು ಕೈಮುಗಿದು, ‘ಛಲೋ ಓದಿದ್ರಿ’ ಎಂದು ಹೇಳಿ, ಅದೇ ಕಾಗದವನ್ನು ಆಚೆ ಓಣಿಯ ಮುನ್ಷಿಯವರ ಹತ್ತಿರ ಒಯ್ದು ಮತ್ತೊಮ್ಮೆ ಓದಿಸುತ್ತಿದ್ದರು. ತಂದೆಗೆ ಸಿಟ್ಟು ಬರುತ್ತಿರಲಿಲ್ಲ. ‘ಅವರ ಹೊಲ, ಅವರು ತಾಳೆ ನೋಡಬೇಕು’ ಎನ್ನುತ್ತಿದ್ದರು. ಅಕ್ಷರ ಬಾರದ ಆ ರೈತರಿಗಿದ್ದ ಎಚ್ಚರ, ಬಿ.ಎಡ್. ಮಾಡಿದ ನನಗೆ ಇರಲಿಲ್ಲ.

ಈಗ ಆ ಮಹನೀಯರ ಪ್ರಶ್ನೆಗೆ ಬರೋಣ. ಕ್ಯೂಬಾ ನಮಗೆ ಯಾಕೆ?

ಕನ್ನಡಿಗನಿಗೆ ಕ್ಯೂಬಾ ತೀರ ಅಪರಿಚಿತವಲ್ಲ. ಆಟೋ ರಿಕ್ಷಾಗಳ ಹಿಂದೆ, ಹುಡುಗರ ಅಂಗಿಯ ಮೇಲೆ ಚೆ ಗೆವಾರನ ಮುಖವಿದೆ. 1997ರಲ್ಲಿ ಹವಾನಾದಲ್ಲಿ ನಡೆದ ವಿಶ್ವ ಯುವಜನ ಮೇಳಕ್ಕೆ ಹೋಗಿಬಂದ ಜಿ.ಎನ್. ಮೋಹನ್ ಅವರ ‘ನನ್ನೊಳಗಿನ ಹಾಡು ಕ್ಯೂಬಾ’ ಎಂಬ ಪ್ರವಾಸ ಕಥನವನ್ನು ನಿಮ್ಮಲ್ಲಿ ಕೆಲವರು ನನ್ನಿಂದಲೇ ಒಯ್ದು ಓದಿದ್ದೀರಿ. (ಒಯ್ದವರು ಹಿಂದಿರುಗಿಸಿಲ್ಲ, ನೆನಪಿರಲಿ.) ಆದರೆ ಘೋಷಣೆಯ ಕ್ಯೂಬಾ ಬೇರೆ, ಕಥೆಯ ಕ್ಯೂಬಾ ಬೇರೆ. ಕಬ್ಬಿನ ತೋಟದ ಗುಲಾಮಗಿರಿ 1886ರವರೆಗೂ ಮುಂದುವರಿದ ನಾಡು ಅದು. ಅಲ್ಲಿಂದ ಓಡಿಹೋಗಿ ಕಾಡಿನಲ್ಲಿ ಒಂಟಿಯಾಗಿ ಬದುಕಿದ ಎಸ್ತೆಬಾನ್ ಮೊಂತೆಹೋ ಎಂಬ ಶತಾಯುಷಿಯನ್ನು ಮಿಗೆಲ್ ಬಾರ್ನೆಟ್ ಎಂಬ ಯುವ ಲೇಖಕ 1963ರಲ್ಲಿ ಕಂಡು, ಅವನು ಹೇಳಿದ್ದನ್ನೆಲ್ಲ ಕೇಳಿ ಬರೆದುಕೊಂಡು, 1966ರಲ್ಲಿ ಒಂದು ಪುಸ್ತಕ ಮಾಡಿದ. ಸ್ಪ್ಯಾನಿಷ್‌ನಲ್ಲಿ ಅದರ ಹೆಸರಿನಲ್ಲಿರುವುದು ‘ಜೀವನಚರಿತ್ರೆ’ ಎಂಬ ಶಬ್ದ. 1968ರ ಇಂಗ್ಲಿಷ್ ಅನುವಾದ ಅದನ್ನು ‘ಆತ್ಮಚರಿತ್ರೆ’ ಮಾಡಿತು. ಮುಂದೆ ಬಂದ ಇನ್ನೊಂದು ಅನುವಾದ ಮತ್ತೆ ‘ಜೀವನಚರಿತ್ರೆ’ ಎಂದಿತು. ಆ ಪುಸ್ತಕ ಯಾರದು? ಮಾತಾಡಿದ ಮುದುಕನದೋ, ಬರೆದುಕೊಂಡ ಯುವಕನದೋ? ‘ಊರುಕೇರಿ’ಯನ್ನೂ ‘ಗೌರ್ಮೆಂಟ್ ಬ್ರಾಹ್ಮಣ’ವನ್ನೂ ಓದಿದ ನಮಗೆ, ತನ್ನ ಬದುಕನ್ನು ತಾನೇ ಬರೆಯುವುದಕ್ಕೂ ಇನ್ನೊಬ್ಬರು ಬರೆಯುವುದಕ್ಕೂ ಇರುವ ಅಂತರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಪುಸ್ತಕ ಕನ್ನಡಕ್ಕೆ ಬಂದರೆ, ವಿಮರ್ಶಕನು ಮೊದಲು ನೋಡಬೇಕಾದದ್ದು ಹೆಸರಿನ ಆ ಒಂದು ಶಬ್ದವನ್ನು. ನೋಡುತ್ತಾನೆಯೆ? ಲ್ಯಾಟಿನ್ ಅಮೆರಿಕ ಎಂದ ಕೂಡಲೇ ‘ಮಾಂತ್ರಿಕ ವಾಸ್ತವತೆ’ ಎಂದು ಬರೆದು ಮುಗಿಸುತ್ತಾನೆ.

ನಡುವಿನ ಸೇತುವೆಯನ್ನು ಮರೆಮಾಡುವ ಚಾಳಿಯೂ ನಮ್ಮಲ್ಲಿದೆ. ಮಾರ್ಕ್ವೆಸ್‌ನ 1967ರ ಮಹಾಕಾದಂಬರಿ ಜಗತ್ತಿನ ಎಷ್ಟೋ ಓದುಗರಿಗೆ ತಲುಪಿದ್ದು ಗ್ರೆಗರಿ ರಬಾಸನ 1970ರ ಇಂಗ್ಲಿಷಿನಿಂದ. ನನ್ನ ಕಪಾಟಿನಲ್ಲಿರುವ ಕೆಲವು ಕನ್ನಡ ಪುಸ್ತಕಗಳಲ್ಲಿ, ಯಾರ ಇಂಗ್ಲಿಷಿನಿಂದ ತಂದದ್ದು ಎಂಬುದೇ ಇಲ್ಲ. ಚೆಕಾಫ್ ನೇರವಾಗಿ ಧಾರವಾಡದ ಬಸ್ಸು ಹಿಡಿದು ಬಂದಂತೆ! ಪ್ರಕಾಶಕರು ಆ ಹೆಸರನ್ನು ಅಚ್ಚು ಹಾಕಬೇಕು, ಸಂಗ್ರಹಾನುವಾದವಾದರೆ ಸಂಗ್ರಹವೆಂದು ಮುಖಪುಟದಲ್ಲೇ ಹೇಳಬೇಕು. ಹೇಳದಿದ್ದರೆ ವಿಮರ್ಶಕರು ಕೇಳಬೇಕು. ಬಸ್ಸಿನ ಟಿಕೆಟ್ಟಿನ ಮೇಲೂ ಎಲ್ಲಿಂದ ಎಲ್ಲಿಗೆ ಎಂದು ಬರೆದಿರುತ್ತದೆ.

ಮೆಚ್ಚಬೇಕಾದಲ್ಲಿ ಮೆಚ್ಚುವುದಕ್ಕೂ ತಾಳೆ ನೋಡುವುದು ಬೇಕು. ಒಂದು ಉದಾಹರಣೆ. ಸಾಂತಿಯಾಗೋ ತನ್ನ ನಾಲ್ಕು ಗಾಳಗಳನ್ನು ನಾಲ್ವತ್ತು, ಎಪ್ಪತ್ತೈದು, ನೂರು, ನೂರಿಪ್ಪತ್ತೈದು ಫ್ಯಾದಮ್ ಆಳಕ್ಕೆ ಇಳಿಬಿಡುತ್ತಾನೆ. ಫ್ಯಾದಮ್ ಎಂದರೆ ಚಾಚಿದ ಎರಡು ತೋಳುಗಳ ಅಳತೆ. ಕನ್ನಡದಲ್ಲಿ ಅದಕ್ಕೆ ‘ಮಾರು’ ಎಂಬ ಶಬ್ದ ಸಿದ್ಧವಾಗಿದೆ. ಹೂವಿನವಳು ಇಂದಿಗೂ ಮಾರಿನಲ್ಲೇ ಅಳೆಯುತ್ತಾಳೆ, ನಮ್ಮ ಹಿರಿಯರು ಬಾವಿಯ ಆಳವನ್ನು ಮಾರಿನಲ್ಲೇ ಹೇಳುತ್ತಿದ್ದರು. ನಾನು ಇಷ್ಟು ಹೊತ್ತು ಬೈದ ಅದೇ ಅನುವಾದಕರು ಇಲ್ಲಿ ‘ಮಾರು’ ಎಂದೇ ಬರೆದಿದ್ದಾರೆ. ಮೀಟರಿಗೆ ತಿರುಗಿಸಿದ್ದರೆ ಮುದುಕನ ತೋಳುಗಳು ಆ ವಾಕ್ಯದಿಂದ ಬಿದ್ದುಹೋಗುತ್ತಿದ್ದವು. ಆ ಒಂದು ಶಬ್ದಕ್ಕಾಗಿ ಅವರಿಗೆ ನಮಸ್ಕಾರ. ‘ಸರಳ, ಸುಂದರ’ ಎಂದು ಬರೆದಾಗ ಈ ನಮಸ್ಕಾರವನ್ನೂ ನಾನು ಅವರಿಗೆ ಸಲ್ಲಿಸಿರಲಿಲ್ಲ.

ಕಳೆದ ಗವಿಮಠದ ಜಾತ್ರೆಗೆ ಆ ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಬಂದವನು ನಮ್ಮ ಮನೆಗೂ ಬಂದಿದ್ದ. ತಂದೆಗೆ ಈಗ ಎಪ್ಪತ್ತರ ಹತ್ತಿರ. ಓದು ಬರಹ ಅಷ್ಟಕ್ಕಷ್ಟೇ. ಚಹಾ ಕುಡಿಯುತ್ತ ನಾನು ಆ ಪುಸ್ತಕ ತೆಗೆದು, ಎಂಬತ್ತನಾಲ್ಕು ದಿನ ಒಂದೂ ಮೀನು ಸಿಗದ ಮುದುಕನ ಕಥೆಯನ್ನು, ತಪ್ಪಿದ್ದಲ್ಲೆಲ್ಲ ತಿದ್ದಿಕೊಂಡು, ಅರ್ಧ ತಾಸು ಓದಿದೆ. ಎಂಬತ್ತನಾಲ್ಕು ದಿನ ಎಂದಾಗ ಅವರು, ‘ನಮ್ಮ ಕಡೀ ಮಳಿ ಇದ್ದಂಗ’ ಎಂದರು. ನೂರಿಪ್ಪತ್ತೈದು ಮಾರು ಎಂದಾಗ ಬಸಿಯನ್ನು ಕೆಳಗಿಟ್ಟು, ಎರಡೂ ತೋಳು ಚಾಚಿ, ಗಾಳಿಯಲ್ಲಿ ಹಗ್ಗ ಎಳೆದಂತೆ ಏಳೆಂಟು ಸಲ ಅಳೆದು ನೋಡಿದರು.

‘ಒಬ್ಬಾವ್ನ ಇದ್ದನೇನ್ರಿ ದೋಣ್ಯಾಗ?’ ಎಂದು ಕೇಳಿದರು.

‘ಹೌದು, ಒಬ್ಬನೇ.’

‘ಹಂಗಾರ ಮುಂದ ಓದ್ರಿ,’ ಎಂದರು. ಕುಷ್ಟಗಿಯ ಬಸ್ಸು ಹೋದರೆ ಹೋಗಲಿ, ಮತ್ತೊಂದು ಬರುತ್ತದೆ ಎಂದು ಮಗನಿಗೆ ಹೇಳಿ, ಗೋಡೆಗೆ ಒರಗಿ ಕುಳಿತರು.